ನಿನೆವೆಯ ದನಕರುಗಳು

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಿಮ್ಮ ತೋಟ ಬರೆಸಿಕೊಂಡ ದೊಡ್ಡಪ್ಪನ ಕತೆ ಎರಡು ವರ್ಷದಿಂದ ಎದೆಯಲ್ಲೇ ಕೂತಿದೆ, ಬರೆಯಲು ಕೂತರೆ ಸಿಟ್ಟು ಬರುತ್ತದೆ, ಅದಕ್ಕೇ ಬೇರೆ ಏನೇನೋ ಬರೆಯುತ್ತಿದ್ದೇನೆ ಅಂದಿದ್ದೀಯ. ಬರವಣಿಗೆ ದೇವರು ಒಪ್ಪಿಸಿದ ಕೆಲಸ ಅಂತ ನೀನೂ ನಂಬುತ್ತೀಯ, ನಾನೂ ನಂಬುತ್ತೇನೆ. ಹಾಗಾಗಿ ದೇವರ ಮಾತನ್ನು ಜನರಿಗೆ ಮುಟ್ಟಿಸುವ ಪ್ರವಾದಿಯಾಗಿದ್ದ ಯೋನನ ವಿಷಯ ಹೇಳುತ್ತೇನೆ, ಕೇಳು.

ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಅವನ ಪುಸ್ತಕ 4 ಅಧ್ಯಾಯ, 48 ವಚನ, ಅಷ್ಟೇ. ಸಂಡೇ ಸ್ಕೂಲಿನಲ್ಲಿ ನಮಗೆಲ್ಲ ಅದು ಮೀನಿನ ಕತೆ, ಓಡಿಹೋಗುತ್ತಿದ್ದ ಯೋನನನ್ನು ಸಮುದ್ರದಲ್ಲಿ ದೊಡ್ಡ ಮೀನು ನುಂಗಿ ಮತ್ತೆ ದಡಕ್ಕೆ ಕಕ್ಕಿದ ಕತೆ. ಆದರೆ ಮೀನಿನ ಮಾತು ಬರುವುದು ಮೂರು ವಚನಗಳಲ್ಲಿ ಮಾತ್ರ.

ದೇವರು ಅವನಿಗೆ ನಿನೆವೆಗೆ ಹೋಗು ಅಂದ. ಅದು ಪೂರ್ವದಲ್ಲಿ, ಈಗಿನ ಇರಾಕಿನ ಮೋಸುಲ್ ಹತ್ತಿರ, ಟೈಗ್ರಿಸ್ ನದಿಯ ದಂಡೆಯಲ್ಲಿತ್ತು. ಯೋನ ಯೊಪ್ಪದ ಬಂದರಿಗೆ ಹೋಗಿ ತದ್ವಿರುದ್ಧ ದಿಕ್ಕಿಗೆ, ದೂರದ ತಾರ್ಷೀಷಿಗೆ ಹೊರಟಿದ್ದ ಹಡಗು ಹತ್ತಿದ. ಪ್ರಯಾಣದ ದುಡ್ಡನ್ನೂ ಕೊಟ್ಟ ಅಂತ ಬರೆದಿದೆ. ಈ ಚಿಕ್ಕ ಮಾತು ನನ್ನನ್ನು ಬಹಳ ಕಾಡಿದೆ. ನಮ್ಮಪ್ಪನ ಸಾಲದ ಕತೆಯಿಂದ ತಪ್ಪಿಸಿಕೊಳ್ಳಲು ನಾನು ಹನ್ನೊಂದು ವರ್ಷ ಕೊಟ್ಟಿದ್ದೇನೆ.

ಅವನು ಹೆದರಿ ಓಡಿದ ಅಂದುಕೊಳ್ಳುವವರೇ ಜಾಸ್ತಿ. ಕಾರಣವನ್ನು ಅವನೇ 4ನೇ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ನೀನು ಕರುಣೆಯುಳ್ಳವನು, ಕೊನೆಗೆ ಅವರನ್ನು ಉಳಿಸಿಬಿಡುತ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿದೆ ಅನ್ನುತ್ತಾನೆ. ಅವನ ಸಿಟ್ಟು ಸುಮ್ನೆ ಬಂದದ್ದಲ್ಲ. ನಿನೆವೆ ಅಶ್ಶೂರದವರ ಊರು, ಅವರು ಯೋನನ ಜನರಾದ ಇಸ್ರಾಯೇಲ್ಯರ ಶತ್ರುಗಳು. ಸೋತವರ ಚರ್ಮ ಸುಲಿಯುವುದನ್ನು ಅಲ್ಲಿನ ಅರಸರು ತಮ್ಮ ಅರಮನೆಯ ಗೋಡೆಗಳಲ್ಲೇ ಕೆತ್ತಿಸಿಕೊಂಡರು. ಯೆಹೂದದ ಲಾಕೀಷ್ ಊರನ್ನು ಮುತ್ತಿದ ದೃಶ್ಯಗಳಿರುವ ಆ ಕಲ್ಲುಗಳು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಂಥವರಿಗೆ ಕ್ಷಮೆ ಸಿಗಲಿ ಅಂತ ಯಾರ ಮನಸ್ಸು ತಾನೇ ಒಪ್ಪೀತು?

ಎರಡನೇ ಸಲ ಕರೆ ಬಂದಾಗ ಯೋನ ಹೋದ. ಮನಸ್ಸು ಬದಲಾಗಿರಲಿಲ್ಲ, ಕಾಲು ಮಾತ್ರ ಹೋಯಿತು. ಇನ್ನು 40 ದಿನಕ್ಕೆ ನಿನೆವೆ ಹಾಳಾಗುತ್ತದೆ ಅಂತ ಒಂದೇ ಒಂದು ಮಾತು ಹೇಳಿದ. ಹೀಬ್ರೂ ಭಾಷೆಯಲ್ಲಿ ಅದು ಐದೇ ಪದ. ಅಷ್ಟಕ್ಕೇ ಅರಸ ಸಿಂಹಾಸನ ಬಿಟ್ಟು ಇಳಿದು ಪಶ್ಚಾತ್ತಾಪದಿಂದ ಬೂದಿಯಲ್ಲಿ ಕೂತ. ದನಕುರಿಗಳಿಗೂ ಗೋಣಿತಟ್ಟು ಹೊದಿಸಬೇಕು ಅಂತ ಅಪ್ಪಣೆಯಾಯಿತು. ಹಾಗಾಗಿ ಮನಸ್ಸು ಹದವಾಗಲಿ ಅಂತ ಕಾಯಬೇಡ, ತಂಗಿ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಮೊದಲ ಸಲ ಬರೆದುಬಿಡು.

ನಾನೂ ಹಾಗೇ ಬರೆದೆ. ಸಾಲ ಕೊಟ್ಟ ಸಾಹುಕಾರನಿಗೆ ನನ್ನ ಕತೆಯಲ್ಲಿ ಲೆಕ್ಕದ ಪುಸ್ತಕ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡನೇ ಸಲ ಬರೆಯುವಾಗ ಒಂದು ಬೆಳಗ್ಗೆ ನೆನಪಾಯಿತು. ನಮ್ಮ ಎತ್ತುಗಳನ್ನು ಹೊಡೆದುಕೊಂಡು ಹೋಗಲು ಬಂದವನು, ಹಗ್ಗ ಬಿಚ್ಚುವ ಮೊದಲು ಅವಕ್ಕೆ ಬಾನಿಯಲ್ಲಿ ನೀರು ಹಿಡಿದಿದ್ದ. ಕುಡಿದು ಮುಗಿಸುವ ತನಕ ಎತ್ತಿನ ಬೆನ್ನು ಸವರುತ್ತಾ ನಿಂತಿದ್ದ. ಅದನ್ನು ಬರೆಯಲು ನನಗೆ ಇಷ್ಟವಿರಲಿಲ್ಲ. ಅಳುತ್ತಲೇ ಬರೆದೆ. ಅವನು ಮಾಡಿದ ಅನ್ಯಾಯ ಒಂದು ಕಾಸಿನಷ್ಟೂ ಕಡಿಮೆಯಾಗಲಿಲ್ಲ. ನೀನೂ ದೊಡ್ಡಪ್ಪನ ತಪ್ಪನ್ನು ಚಿಕ್ಕದು ಮಾಡಬೇಡ. ಆದರೆ ಆ ಸಾಲು ಸೇರಿದ ಮೇಲೆಯೇ ನಮ್ಮಪ್ಪನ ದುಃಖ ಪೂರ್ತಿ ಕಂಡಿತು.

ದೇವರು ಮನಕರಗಿ ನಿನೆವೆಯನ್ನು ಉಳಿಸಿದ್ದಕ್ಕೆ ಯೋನ ಮುನಿಸಿಕೊಂಡು ಊರ ಹೊರಗೆ ಕೂತ, ಅಲ್ವಾ? ಅವನಿಗೆ ನೆರಳು ಕೊಟ್ಟ ಗಿಡ ಮರುದಿನವೇ ಒಣಗಿತು. ಗಿಡಕ್ಕಾಗಿ ಇಷ್ಟು ಮರುಗುತ್ತೀಯಲ್ಲ, ಎಡಗೈ ಬಲಗೈ ಯಾವುದೆಂದು ತಿಳಿಯದ 1,20,000ಕ್ಕೂ ಜಾಸ್ತಿ ಜನ ಇರುವ ಊರಿಗಾಗಿ ನಾನು ಮರುಗಬಾರದಾ ಅಂತ ದೇವರು ಕೇಳುತ್ತಾನೆ. ಅಲ್ಲಿ ಬಹಳ ದನಕರುಗಳೂ ಇವೆಯಲ್ಲ ಅನ್ನುತ್ತಾನೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನನ ಉತ್ತರ ಇಲ್ಲ.

ನಿಮ್ಮ ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಎಷ್ಟು ದನ ಇದ್ದವು? ಅವಕ್ಕೆ ಅವರು ಏನಂತ ಹೆಸರಿಟ್ಟಿದ್ದರು? ಮುಂದಿನ ಕಾಗದದಲ್ಲಿ ಬರೆ.

ನಿನ್ನ
ಅಕ್ಕ