ಬಳಸಿದ ಡೀಸೆಲ್ ಸ್ವಿಫ್ಟ್ ಕೊಳ್ಳುವ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಳಸಿದ ಡೀಸೆಲ್ ಸ್ವಿಫ್ಟ್ ನಂಬಬಹುದೇ ಎಂದು ಕಲಬುರಗಿಯ ಹಲವು ಸದಸ್ಯರು ಕೇಳುತ್ತಿರುವುದರಿಂದ ಈ ಸೂಚನೆ ಬರೆಯುತ್ತಿದ್ದೇನೆ.

ಮಾರುತಿ ಕಂಪನಿಯು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿರುವುದರಿಂದ ಈಗ ಸಿಗುವ ಗಾಡಿಗಳೆಲ್ಲ ಹಳೆಯವೇ. ಡೀಸೆಲ್ ಸ್ವಿಫ್ಟ್‌ನ 1248 ಸಿಸಿ ಎಂಜಿನ್ ಫಿಯಟ್ ವಿನ್ಯಾಸದ್ದು. ಎಂಜಿನ್ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವ ಈ ಎಂಜಿನ್, ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಬಹುಕಾಲ ಬಾಳುತ್ತದೆ, ಅಲಕ್ಷಿಸಿದ್ದರೆ ಚೈನ್ ಸಡಿಲಾಗಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕೂಡ ಸವೆಯುತ್ತದೆ. ಆದ್ದರಿಂದ ಮೀಟರ್ ತೋರಿಸುವ ಕಿಲೋಮೀಟರಿಗಿಂತ ಸರ್ವಿಸ್ ದಾಖಲೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಗಾಡಿಯನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ; ನೀವು ಹೋಗುವ ಮುನ್ನವೇ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗುವುದು ಲೇಸು. ಚಾಲು ಮಾಡಿದೊಡನೆ ಕಟಕಟ ಸದ್ದು ಕೇಳಿ ತಕ್ಷಣ ನಿಲ್ಲದಿದ್ದರೆ ಚೈನ್ ಮೇಲೆ ಅನುಮಾನ ಪಡಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು, ದಟ್ಟ ಕಪ್ಪು ಹೊಗೆ ಇಂಧನ ಸಿಂಪಡಿಸುವ ಇಂಜೆಕ್ಟರ್ ಅಥವಾ ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ಕವಾಟ) ಕೆಟ್ಟಿರುವುದರ ಸೂಚನೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯನ್ನು ನೆನೆದು, ಎಸಿ ಹಾಕಿ ನಿಂತಲ್ಲೇ ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿ ಏರುತ್ತದೆಯೇ ಎಂದು ಪರೀಕ್ಷಿಸಿ.

ದಿನವೂ ಸೂಪರ್ ಮಾರ್ಕೆಟ್ಟಿಗೆ ಹೋಗಿಬರುವಷ್ಟೇ ಓಡಾಟವಿದ್ದರೆ ದಯವಿಟ್ಟು ಪೆಟ್ರೋಲ್ ಗಾಡಿಯನ್ನೇ ಕೊಳ್ಳಿ, ಏಕೆಂದರೆ ಚಿಕ್ಕ ಓಡಾಟದಲ್ಲಿ ಇಜಿಆರ್‌ಗೆ ಮಸಿ ಬೇಗ ಕಟ್ಟುತ್ತದೆ. ಬೀದರ್, ಸೋಲಾಪುರ ಎಂದು ಮೇಲಿಂದ ಮೇಲೆ ದೂರ ಹೋಗುವವರಿಗೆ ಡೀಸೆಲ್ ಒಪ್ಪುತ್ತದೆ.

ಹೈದರಾಬಾದ್ ಅಥವಾ ಸೋಲಾಪುರದಲ್ಲಿ ನೋಂದಣಿಯಾದ ಗಾಡಿ ಅಗ್ಗವೆನಿಸಿದರೂ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಕರ್ನಾಟಕದ ತೆರಿಗೆ ಕಟ್ಟಬೇಕಾಗುತ್ತದೆ; ಆ ಮೊತ್ತವನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದು, ಆರ್‌ಸಿಯಲ್ಲಿ ಸಾಲದ ನಮೂದು ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಮುಂಗಡ ಕೊಡಿ.