ಬಿಚ್ಚುವವಳನ್ನು ನೆನೆದು ಕಟ್ಟು: ಡೈಪರ್ ಕೇಕ್ ಮಾಡಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು, ಫೋಟೋಗಳೂ ಬಂದವು. ಗೆಳತಿಯ ಬೇಬಿ ಶವರ್‌ಗೆ ನಿನ್ನ ಕೈಯಾರೆ ಡೈಪರ್ ಕೇಕ್, ಅಂದರೆ ಡೈಪರುಗಳನ್ನೇ ಕೇಕಿನ ಹಾಗೆ ಅಂತಸ್ತು ಅಂತಸ್ತಾಗಿ ಜೋಡಿಸಿದ ಉಡುಗೊರೆ, ಮಾಡಿ ಕೊಡೋಕೆ ಹೊರಟಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ಆದರೆ ಮಾದರಿಗೆ ಅಂತ ನೀನು ಆರಿಸಿಕೊಂಡಿರುವ ಆ ಫೋಟೋ ಇದೆಯಲ್ಲ, ಐದು ಅಂತಸ್ತು, ಸುತ್ತಲೂ ಮುತ್ತಿನ ಸರ, ಮೇಲೆಲ್ಲಾ ಮಿನುಗು ಪುಡಿ, ಗ್ಲೂ ಗನ್ನಿನಿಂದ ಅಂಟಿಸಿದ ಹೂವು, ಅದನ್ನು ಕೈಬಿಡು ಅಂತ ಹೇಳೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಡೈಪರ್ ಕೇಕನ್ನು ಬಂದವರೆಲ್ಲ ನೋಡುವುದು ಒಂದು ಮಧ್ಯಾಹ್ನ. ಬಿಚ್ಚುವವಳು ಒಬ್ಬಳೇ. ಅದೂ ಯಾವಾಗ? ಹೆರಿಗೆಯಾಗಿ ಇನ್ನೂ ಮೈ ಸುಧಾರಿಸಿರುವುದಿಲ್ಲ, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತೋ ಗೊತ್ತಿಲ್ಲ, ನಡುರಾತ್ರಿ, ತೋಳಿನಲ್ಲಿ ಅಳುವ ಮಗು, ಮನೆಯಲ್ಲಿದ್ದ ಪ್ಯಾಕೆಟ್ ಖಾಲಿ. ಆ ಹೊತ್ತಿನಲ್ಲಿ ಅವಳು ಒಂದೇ ಕೈಯಿಂದ ನಿನ್ನ ಕೇಕಿನೊಳಗಿಂದ ಒಂದು ಡೈಪರ್ ಎಳೆದುಕೊಳ್ಳೋಕೆ ಆಗಬೇಕು. ಕತ್ತರಿ ಹುಡುಕುವ ಹಾಗಾಗಬಾರದು, ಗುಂಡುಪಿನ್ನು ಚುಚ್ಚಬಾರದು, ಅಂಟು ಕಿತ್ತು ಡೈಪರ್ ಹರಿಯಬಾರದು. ನೀನು ಏನೇ ಸೇರಿಸುವಾಗಲೂ ಈ ಗಳಿಗೆಯನ್ನು ನೆನೆದು ಸೇರಿಸು.

ಮೊದಲು ಅಳತೆಯ ವಿಚಾರ. ಎಲ್ಲರೂ ನ್ಯೂಬಾರ್ನ್ ಅಳತೆಯದ್ದೇ ತರುತ್ತಾರೆ, ಪುಟ್ಟದಾಗಿ ಮುದ್ದಾಗಿರುತ್ತದೆ ಅಂತ. ಅದು ಸುಮಾರು ನಾಲ್ಕೂವರೆ ಕಿಲೋ ತೂಕದವರೆಗೆ ಮಾತ್ರ. ಕೆಲವು ಮಕ್ಕಳು ಹುಟ್ಟುವಾಗಲೇ ನಾಲ್ಕು ಕಿಲೋ ಇರುತ್ತವೆ, ಉಳಿದವೂ ಕೆಲವೇ ವಾರಗಳಲ್ಲಿ ಅದನ್ನು ದಾಟುತ್ತವೆ. ಅದಕ್ಕೇ ಕೇಕಿಗೆ ನಂಬರ್ 1 ಮತ್ತು ನಂಬರ್ 2 ಅಳತೆ ಒಳ್ಳೆಯದು. ಒಂದು ಸುಮಾರು 3.5ರಿಂದ 6.5 ಕಿಲೋವರೆಗೆ ಬರುತ್ತದೆ, ಎರಡು ಸುಮಾರು 5.5ರಿಂದ 8 ಕಿಲೋವರೆಗೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ ತಗೋ. ನನಗೆ ಇಷ್ಟವಾದ ಕ್ರಮ ಏನೆಂದರೆ, ಮೇಲಿನ ಎರಡು ಅಂತಸ್ತಿಗೆ ನಂಬರ್ 1, ಕೆಳಗಿನ ದೊಡ್ಡ ಅಂತಸ್ತಿಗೆ ನಂಬರ್ 2. ಮೇಲಿನವನ್ನು ಮೊದಲು ಬಳಸಿ, ತಳದ್ದನ್ನು ಮಗು ಬೆಳೆದ ಮೇಲೆ ಬಳಸಬಹುದು, ಅಲ್ವಾ?

ಮೂರು ಅಂತಸ್ತು ಸಾಕು. ಡೈಪರನ್ನು ಒಂದೊಂದಾಗಿ ಸುರುಳಿ ಸುತ್ತಿ ನಿಲ್ಲಿಸುವ ಕ್ರಮದಲ್ಲಿ ಲೆಕ್ಕ ಬಹಳ ಚೆಂದ. ನಡುವೆ ಒಂದು, ಅದರ ಸುತ್ತ ಆರು, ಅದರಾಚೆ ಹನ್ನೆರಡು, ಅದರಾಚೆ ಹದಿನೆಂಟು. ಒಂದೇ ದಪ್ಪದ ಸುರುಳಿಗಳು ಹೀಗೇ ಒತ್ತಿಕೊಂಡು ಕೂರುತ್ತವೆ. ಅಂದರೆ ಮೇಲಿನ ಅಂತಸ್ತಿಗೆ 7, ನಡುವಿನದಕ್ಕೆ 19, ಕೆಳಗಿನದಕ್ಕೆ 37, ಒಟ್ಟು 63. ನಡುವೆ ರಟ್ಟಿನ ಕೊಳವೆ ನಿಲ್ಲಿಸಿದರೆ ಅಂತಸ್ತಿಗೆ ಒಂದು ಕಡಿಮೆಯಾಗಿ 60. ಎಳೆ ಮಗುವಿಗೆ ದಿನಕ್ಕೆ 8ರಿಂದ 12 ಡೈಪರ್ ಬೇಕಾಗುತ್ತದೆ, ಹಾಗಾಗಿ ಇಷ್ಟು ದೊಡ್ಡ ಕೇಕಿನಲ್ಲಿರುವುದು ಹೆಚ್ಚುಕಡಿಮೆ ಒಂದು ವಾರದ ಡೈಪರ್ ಅಷ್ಟೇ. ಐದು ಅಂತಸ್ತು ಕಟ್ಟುವ ಬದಲು ಆ ದುಡ್ಡಿಗೆ ಒಡೆಯದ ಒಂದು ಪ್ಯಾಕೆಟ್ ಜೊತೆಗಿಟ್ಟು ಕೊಡು. ಅಳತೆ ಸರಿಯಾಗದಿದ್ದರೆ ಅವರು ಬದಲಾಯಿಸಿಕೊಳ್ಳಬಹುದು. ಒಡೆದ ಪ್ಯಾಕೆಟ್ಟಿನ ಡೈಪರನ್ನು ಸಾಮಾನ್ಯವಾಗಿ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ.

ಇಷ್ಟು ಹೇಳಿದರೂ ಆ ಸುರುಳಿ ಕ್ರಮ ನಿನಗೆ ಬೇಡ. ಪ್ರತಿ ಸುರುಳಿಗೂ ಒಂದೊಂದು ಪುಟ್ಟ ರಬ್ಬರ್ ಬ್ಯಾಂಡ್ ಹಾಕಬೇಕು, ಅಂದರೆ ಅರವತ್ತು ಚಿಲ್ಲರೆ ರಬ್ಬರ್ ಬ್ಯಾಂಡ್. ಅವಳು ಅಷ್ಟನ್ನೂ ತೆಗೆಯಬೇಕು, ತೆಗೆದದ್ದು ಹಾಸಿಗೆ ಮೇಲೆ, ನೆಲದ ಮೇಲೆ ಬೀಳುತ್ತದೆ, ಅಂಬೆಗಾಲಿಡುವ ಇನ್ನೊಂದು ಮಗು ಮನೆಯಲ್ಲಿದ್ದರೆ ಅದು ಬಾಯಿಗೆ ಹಾಕಿಕೊಳ್ಳುತ್ತದೆ. ಮೇಲಾಗಿ ಬಿಗಿಯಾಗಿ ಸುತ್ತಿದ ಡೈಪರ್ ಬಿಚ್ಚಿದ ಮೇಲೂ ಸುರುಳಿ ಸುರುಳಿಯಾಗೇ ಇರುತ್ತದೆ, ಒದ್ದಾಡುವ ಮಗುವಿನ ಕೆಳಗೆ ಅದನ್ನು ಚಪ್ಪಟೆ ಮಾಡೋದೇ ಒಂದು ಕೆಲಸ.

ಬೀಸಣಿಗೆಯ ಹಾಗೆ ಜೋಡಿಸುವ ಕ್ರಮ ಇದೆ, ಅದನ್ನು ಕಲಿ. ದುಂಡಗಿನ, ಅಂಚು ನೇರವಾಗಿರುವ ಒಂದು ಪಾತ್ರೆ ತಗೋ. ಕೆಳಗಿನ ಅಂತಸ್ತಿಗೆ ಸುಮಾರು 25 ಸೆಂಟಿಮೀಟರ್ ಅಗಲದ್ದು ಸಾಕು, ಮೇಲಕ್ಕೆ ಹೋದ ಹಾಗೆ ಐದೈದು ಸೆಂಟಿಮೀಟರ್ ಚಿಕ್ಕದು. ನಡುವೆ ರಟ್ಟಿನ ಕೊಳವೆ ನಿಲ್ಲಿಸು. ಪ್ಯಾಕೆಟ್ಟಿನಲ್ಲಿ ಮಡಿಸಿಟ್ಟ ಹಾಗೇ ಡೈಪರನ್ನು ತೆಗೆದು, ಮಡಿಕೆ ಮೇಲೆ ಬರುವ ಹಾಗೆ ಓರೆಯಾಗಿ ನಿಲ್ಲಿಸು. ಮುಂದಿನದು ಅದರ ಮೇಲೆ ಅರ್ಧ ಒರಗಬೇಕು, ಅದರ ಮುಂದಿನದು ಇದರ ಮೇಲೆ. ಹೀಗೇ ಒಂದು ಸುತ್ತು ಬಾ. ಕೊನೆಯದನ್ನು ಮೊದಲನೆಯದರ ಅಡಿಗೆ ತೂರಿಸುವಾಗ ಸ್ವಲ್ಪ ತಾಳ್ಮೆ ಬೇಕು, ಎಡಗೈ ಅಂಗೈಯಿಂದ ಎಲ್ಲವನ್ನೂ ಮೆಲ್ಲಗೆ ಒತ್ತಿ ಹಿಡಿದು ಬಲಗೈ ಬೆರಳಿಂದ ಜಾಗ ಮಾಡಿಕೋ. ಆಮೇಲೆ ಎರಡೂ ಅಂಗೈಯನ್ನು ಮೇಲಿಟ್ಟು ಒಂದೇ ದಿಕ್ಕಿಗೆ ತಿರುಗಿಸಿದರೆ ಸಂದುಗಳೆಲ್ಲ ಒಂದೇ ಸಮನಾಗುತ್ತವೆ, ಅದನ್ನು ನೋಡೋಕೇ ಒಂದು ಸಂತೋಷ. ಪಾತ್ರೆಯಿಂದ ಮೆಲ್ಲಗೆ ಹೊರತೆಗೆದು ಸುತ್ತ ಒಂದೇ ಒಂದು ಅಗಲವಾದ ಎಲಾಸ್ಟಿಕ್ ಪಟ್ಟಿ ಹಾಕು. ಮೂರು ಅಂತಸ್ತಿಗೆ ಮೂರೇ ಪಟ್ಟಿ. ಬೇಕಾದಾಗ ಎಲಾಸ್ಟಿಕ್ ತೆಗೆಯದೇನೇ ಒಂದೊಂದು ಡೈಪರ್ ಮೇಲಕ್ಕೆ ಎಳೆದುಕೊಳ್ಳಬಹುದು, ಮಿಕ್ಕವು ಅಲ್ಲೇ ನಿಂತಿರುತ್ತವೆ. ನಾನು ಇದನ್ನೇ ಹಿಡಿದುಕೊಂಡಿರುವುದು ಅದಕ್ಕೇ.

ಎಲಾಸ್ಟಿಕ್ ಕಾಣಬಾರದು ಅಂದರೆ ಐದಾರು ಸೆಂಟಿಮೀಟರ್ ಅಗಲದ ರಿಬ್ಬನ್ ಸುತ್ತು. ರಿಬ್ಬನ್ನಿನ ತುದಿಯನ್ನು ರಿಬ್ಬನ್ನಿಗೇ ಡಬಲ್ ಸೈಡ್ ಟೇಪಿನಿಂದ ಅಂಟಿಸು, ಡೈಪರಿಗೆ ಟೇಪು ತಾಗಲೇಬಾರದು. ಗ್ಲೂ ಗನ್, ಗುಂಡುಪಿನ್ನು, ಸ್ಟೇಪ್ಲರ್, ಚೂಪಾದ ಕಡ್ಡಿ ಇವನ್ನೆಲ್ಲ ಆ ಕೋಣೆಯಿಂದಲೇ ಆಚೆಗಿಡು. ಕೈಗೆ ಸಿಗುವ ಹಾಗಿದ್ದರೆ ಅವಸರದಲ್ಲಿ ಬಳಸಿಬಿಡುತ್ತೇವೆ. ಮಿನುಗು ಪುಡಿ ಖಂಡಿತ ಬೇಡ, ಅದು ಡೈಪರಿನ ಒಳಗೆ ಸೇರಿ ಮಗುವಿನ ಚರ್ಮಕ್ಕೆ, ಕಣ್ಣಿಗೆ ಹೋಗುತ್ತದೆ. ಸುವಾಸನೆಯ ಯಾವುದೂ ಬೇಡ. ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿಕೋ, ಕೈ ತೊಳೆದು ಒರೆಸಿಕೋ, ಕೂದಲು ಕಟ್ಟಿಕೋ.

ತುಂಬಾ ಮುಂಚೆ ಮಾಡಿಡಬೇಡ. ಡೈಪರಿನೊಳಗಿನ ಜೆಲ್ ಇರುವುದೇ ನೀರು ಹೀರೋಕೆ. ಪ್ಯಾಕೆಟ್ಟಿನಿಂದ ತೆಗೆದು ಬಿಟ್ಟರೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒದ್ದೆಯಾದರೆ ಬಣ್ಣ ಬದಲಾಗುವ ಗೆರೆ ಇರುತ್ತದಲ್ಲ, ತೇವದ ಜಾಗದಲ್ಲಿಟ್ಟರೆ ಅದು ಸುಮ್ನೆ ಇದ್ದಲ್ಲೇ ನೀಲಿಗೆ ತಿರುಗಿಬಿಡಬಹುದು. ಎರಡು ಮೂರು ದಿನ ಮುಂಚೆ ಕಟ್ಟಿದರೆ ಸಾಕು, ಬಿಸಿಲು ಬೀಳದ ಒಣ ಜಾಗದಲ್ಲಿ ಮುಚ್ಚಿಡು. ಹೊರಗೆ ಸುತ್ತೋಕೆ ಪ್ಲಾಸ್ಟಿಕ್ ಹಾಳೆಯ ಬದಲು ತೆಳು ನೆಟ್ ಬಟ್ಟೆ ಹಾಕು ಅಂತ ನನ್ನ ಸಲಹೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಹಾಳೆ ಬಿದ್ದಿರೋದು ಒಳ್ಳೆಯದಲ್ಲ, ಮುಖಕ್ಕೆ ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ. ತಳಕ್ಕೆ ದಪ್ಪ ರಟ್ಟು ಕೊಡು. ಕಾರಿನಲ್ಲಿ ಒಯ್ಯುವಾಗ ಸೀಟಿನ ಮೇಲಿಡದೆ ಕೆಳಗೆ ಸಮತಟ್ಟಾದ ಕಡೆ ಇಡು.

ಇನ್ನು ಥೀಮ್. ನೀನು ಚಂದ್ರ, ನಕ್ಷತ್ರ, ರಾತ್ರಿಯ ಆಕಾಶ ಅಂತ ಆರಿಸಿದ್ದೀಯ, ಒಳ್ಳೆಯ ಆಯ್ಕೆ. ಹುಡುಗನೋ ಹುಡುಗಿಯೋ ಅನ್ನೋ ಚಿಂತೆಯೂ ಇಲ್ಲ. ಆದರೆ ಥರ್ಮಾಕೋಲಿನ ಚಂದ್ರ, ಕಾಗದದ ನಕ್ಷತ್ರ ತಂದು ಸಿಕ್ಕಿಸಬೇಡ, ಮಾರನೇ ದಿನ ಅದು ಕಸ. ಥೀಮು ಬಳಸುವ ವಸ್ತುವಿನಲ್ಲೇ ಬರಲಿ. ಕೆಳಗಿನ ಅಂತಸ್ತಿಗೆ ರಿಬ್ಬನ್ನಿನ ಬದಲು ನಕ್ಷತ್ರದ ಅಚ್ಚಿರುವ ಕಡು ನೀಲಿ ಮಸ್ಲಿನ್ ಸುತ್ತುಬಟ್ಟೆಯನ್ನೇ ಪಟ್ಟಿಯಾಗಿ ಮಡಿಸಿ ಸುತ್ತಬಹುದು. ನಡುವಿನದಕ್ಕೆ ಚಂದ್ರನ ಕಸೂತಿ ಹಾಕಿದ ಬಿಬ್, ಅಂದರೆ ಮಗುವಿನ ಕುತ್ತಿಗೆಗೆ ಕಟ್ಟುವ ಜೊಲ್ಲುಬಟ್ಟೆ. ತುದಿಗೆ ಬಿಳಿ ಟೋಪಿ, ಪುಟ್ಟ ಕಾಲುಚೀಲ. ಕೊಳವೆಯೊಳಗೆ ಸುರುಳಿ ಸುತ್ತಿದ ಮೆತ್ತನೆ ಟವೆಲ್. ಎಲ್ಲವೂ ಮಗುವಿನ ಮೈಮೇಲೆ ಬರುವಂಥದ್ದೇ. ಅಂಗಿ ಇಡುವುದಾದರೆ ಆರು ತಿಂಗಳ ಅಳತೆ ನೋಡು, ಆಗ ಯಾವ ಕಾಲ ಇರುತ್ತದೆ ಅಂತ ಲೆಕ್ಕ ಹಾಕಿ ತೋಳು ಉದ್ದವೋ ಗಿಡ್ಡವೋ ಆರಿಸು.

ಇನ್ನೊಂದು ಸಲ ಮಾಡುವಾಗ ಬೈಕಿನ ಆಕಾರ ಪ್ರಯತ್ನಿಸು, ನಿನ್ನ ಕೈಗೆ ಅದು ಚೆನ್ನಾಗಿ ಒಗ್ಗುತ್ತದೆ. ಇದೇ ಬೀಸಣಿಗೆ ಜೋಡಣೆಯಲ್ಲಿ ನಡುವೆ ತೂತು ಉಳಿಸಿ ಎರಡು ಚಕ್ರ ಮಾಡಬೇಕು. ಉದ್ದಕ್ಕೆ ಸುರುಳಿ ಸುತ್ತಿದ ಸುತ್ತುಬಟ್ಟೆಯನ್ನು ಮುಂದಿನ ಚಕ್ರದ ತೂತಿನಲ್ಲಿ ಹಾಯಿಸಿ ಎರಡು ತುದಿಯನ್ನೂ ಮೇಲಕ್ಕೆತ್ತಿದರೆ ಹ್ಯಾಂಡಲ್, ತುದಿಗಳಿಗೆ ಕಾಲುಚೀಲ ತೊಡಿಸಿದರೆ ಹಿಡಿ. ಒಂದು ಚೂರೂ ಗೋಂದು ಬೇಕಿಲ್ಲ.

ಜೊತೆಗೆ ಕೈಯಿಂದ ಮಾಡಿದ್ದು ಏನಾದರೂ ಇಡಬೇಕು, ದಿಂಬು ಹೊಲಿಯಲಾ, ಗೊಂಬೆ ಮಾಡಲಾ ಅಂತ ಕೇಳಿದ್ದೀಯ. ದಿಂಬು ಬೇಡ ಮಗಳೇ. ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಯೂ ಬೇಡ. ಒಂದು ವರ್ಷದೊಳಗಿನ ಮಗು ಮಲಗುವ ಕಡೆ ದಿಂಬು, ಹೊದಿಕೆ, ಮೆತ್ತನೆ ಗೊಂಬೆ ಯಾವುದೂ ಇರಬಾರದು ಅಂತ ಮಕ್ಕಳ ವೈದ್ಯರು ಒತ್ತಿ ಹೇಳುತ್ತಾರೆ, ಮುಖಕ್ಕೆ ಒತ್ತಿಕೊಂಡು ಉಸಿರಾಟಕ್ಕೆ ತೊಂದರೆಯಾಗುತ್ತದೆ ಅಂತ. ಕೌದಿ ಹೊಲಿಯುವ ಆಸೆ ಇದ್ದರೆ ನೆಲದ ಮೇಲೆ ಹಾಸಿ ಆಡಿಸೋಕೆ ಅಂತ ಹೊಲಿ, ಹಾಗಂತ ಅದರ ಚೀಟಿಯಲ್ಲೂ ಬರೆದುಬಿಡು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಒಳ್ಳೆಯ ಉಡುಗೊರೆ ಅಂದರೆ, ಹಾಲು ಕುಡಿಸಿ ತೇಗು ಬರಿಸುವಾಗ ಹೆಗಲ ಮೇಲೆ ಹಾಕಿಕೊಳ್ಳುವ ಬಟ್ಟೆ. ಎಷ್ಟಿದ್ದರೂ ಸಾಲದು. ಒಂದು ಕಡೆ ಹತ್ತಿಯ ಫ್ಲಾನೆಲ್, ಇನ್ನೊಂದು ಕಡೆ ಟವೆಲ್ ಬಟ್ಟೆ. ಎರಡನ್ನೂ ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸು. ಹತ್ತಿ ಕುಗ್ಗುತ್ತದೆ, ಎರಡು ಬಟ್ಟೆ ಬೇರೆ ಬೇರೆಯಾಗಿ ಕುಗ್ಗಿದರೆ ಹೊಲಿದ ಮೇಲೆ ಮುದುಡಿಕೊಳ್ಳುತ್ತದೆ. 25 ಸೆಂಟಿಮೀಟರ್ ಅಗಲ, 50 ಉದ್ದ ಕತ್ತರಿಸು, ಒಳ್ಳೆಯ ಮುಖಗಳು ಒಳಗೆ ಸೇರುವ ಹಾಗೆ ಇಟ್ಟು ಸುತ್ತ ಹೊಲಿ. ಒಂದು ಕಡೆ ನಾಲ್ಕು ಬೆರಳಿನಷ್ಟು ಬಿಟ್ಟು, ಅಲ್ಲಿಂದ ಒಳಮಗ್ಗುಲು ಹೊರಗೆ ತಿರುಗಿಸಿ, ಅಂಚಿನ ಗುಂಟ ಇನ್ನೊಂದು ಹೊಲಿಗೆ ಹಾಕಿದರೆ ಬಾಯಿಯೂ ಮುಚ್ಚುತ್ತದೆ. ಬಟ್ಟೆಯಲ್ಲೇ ಚಂದ್ರನ ಚಿತ್ರ ಇದ್ದರೆ ಥೀಮೂ ಆಯಿತು.

ಗೊಂಬೆ ಮಾಡುವುದಾದರೆ ಕಣ್ಣಿಗೆ ಗುಂಡಿ, ಮಣಿ ಹೊಲಿಯಬೇಡ. ದಾರದಲ್ಲೇ ಕಣ್ಣು ಹಾಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ ಒಂದು ಪುಟ್ಟ ಕೊಳವೆ ಬಳಸುತ್ತಾರೆ, ಅದರ ಬಾಯಿ 31.7 ಮಿಲಿಮೀಟರ್ ಅಗಲ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಿಗೆ ಸಿಕ್ಕಬಹುದು ಅಂತ ಲೆಕ್ಕ. ಮನೆಯಲ್ಲಿ ಟಿಶ್ಯೂ ರೋಲಿನ ರಟ್ಟಿನ ಕೊಳವೆ ಸಾಕು, ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಅದರೊಳಗೆ ಇಳಿಯದ್ದು ಇನ್ನಷ್ಟು ಸುರಕ್ಷಿತ. ಕೇಕಿನ ಮೇಲೆ ನೀನು ಇಡುವ ಪ್ರತಿಯೊಂದು ಅಲಂಕಾರವನ್ನೂ ಅದರಲ್ಲಿ ಹಾಕಿ ನೋಡು. ಮಗು ಚೀಪುವ ನಿಪ್ಪಲ್ (ಪ್ಯಾಸಿಫೈಯರ್) ಬೀಳದ ಹಾಗೆ ಕಟ್ಟುವ ದಾರ ಹೆಣೆಯುವೆಯಾದರೆ 22 ಸೆಂಟಿಮೀಟರ್ ಮೀರಬಾರದು, ಉದ್ದವಾದರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಯಾರೂ ಜಾಸ್ತಿ ಗಮನ ಕೊಡದ ಒಂದು ವಿಷಯ, ನೀನು ಕೊಡು. ಕಾಲುಚೀಲ, ಕೈಗವಸುಗಳ ಒಳಗೆ ಬಿಡಿ ದಾರ ಇರುತ್ತದೆ. ಅದು ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಹರಿಯೋದನ್ನೇ ತಡೆಯಬಹುದು, ಮಗು ಯಾಕೆ ಅಳುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಕೊಂಡದ್ದಾಗಲಿ ನೀನೇ ಹೆಣೆದದ್ದಾಗಲಿ, ಒಳಮಗ್ಗುಲು ಹೊರಗೆ ತಿರುಗಿಸಿ, ಬೆಳಕಿಗೆ ಹಿಡಿದು, ಒಂದೊಂದು ದಾರವನ್ನೂ ಬುಡಕ್ಕೆ ಕತ್ತರಿಸು. ಕ್ರೋಶಾ ಹಾಕುವಾಗ ರೋಮ ಉದುರುವ ಉಲ್ಲನ್ ಬಿಟ್ಟು ಹತ್ತಿಯ ನೂಲು ತಗೊಂಡು ಒತ್ತಾಗಿ ಹೆಣೆ.

ಮುಂದೆ ಮಾರೋಕೆ ಶುರು ಮಾಡಲಾ ಅಂತಲೂ ಕೇಳಿದ್ದೀಯ. ಕೈ ಕುದುರಿದ ಮೇಲೆ ಧಾರಾಳವಾಗಿ ಮಾಡು. ಮಾರುವ ಆಟಿಕೆಗೆ, ಮಕ್ಕಳ ವಸ್ತುಗಳಿಗೆ ಬಹಳ ದೇಶಗಳಲ್ಲಿ ಸುರಕ್ಷತೆಯ ನಿಯಮಗಳಿವೆ, ಎಷ್ಟೋ ಕಡೆ ಮನೆಯಲ್ಲಿ ಮಾಡಿದ್ದಕ್ಕೂ ಅವು ಅನ್ವಯಿಸುತ್ತವೆ. ಅದನ್ನು ಓದಿಕೊಂಡು ಇಳಿ.

ಕೇಕಿನ ಜೊತೆ ಒಂದು ಚೀಟಿ ಬರೆ. ಯಾವ ಅಂತಸ್ತಿನಲ್ಲಿ ಯಾವ ಅಳತೆ, ಒಟ್ಟು ಎಷ್ಟು ಡೈಪರ್, ಒಳಗೆ ಏನೇನಿದೆ, ಮೂರು ಎಲಾಸ್ಟಿಕ್ ಪಟ್ಟಿ ಇದೆ, ತೆಗೆದ ಮೇಲೆ ಎತ್ತಿಡು, ಇಷ್ಟು. ಪ್ಯಾಕೆಟ್ಟಿನಿಂದ ಹೆಸರು, ಅಳತೆ ಇರುವ ತುಂಡನ್ನು ಕತ್ತರಿಸಿ ಅದಕ್ಕೇ ಲಗತ್ತಿಸು. ಮಗುವಿಗೆ ಚರ್ಮ ಕೆಂಪಾದರೆ ಯಾವುದು ಹಾಕಿದ್ದೆವು ಅಂತ ಗೊತ್ತಿರಬೇಕು. ಇನ್ನೊಂದು ಸಾಲು ದೊಡ್ಡದಾಗಿ ಬರೆ: ಅಳತೆ ಸರಿಹೋದ ದಿನದಿಂದಲೇ ಬಿಚ್ಚಿ ಬಳಸು. ಇಷ್ಟು ಚೆಂದದ್ದನ್ನು ಹಾಳು ಮಾಡೋದು ಹೇಗೆ ಅಂತ ಎಷ್ಟೋ ತಾಯಂದಿರು ಕೇಕನ್ನು ಕಪಾಟಿನ ಮೇಲಿಟ್ಟು, ಮಗು ಆ ಅಳತೆ ದಾಟಿಹೋದ ಮೇಲೆ ಕೆಳಗಿಳಿಸುತ್ತಾರೆ. ಕೊಡುವ ಮುಂಚೆ ನೀನೇ ಒಂದು ಒಳ್ಳೆಯ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಚೀಟಿಯ ಜೊತೆ ಇಟ್ಟರೆ ಅವಳಿಗೆ ಬಿಚ್ಚೋಕೆ ಮನಸ್ಸು ಬರುತ್ತದೆ.

ಪ್ಯಾಕೆಟ್ ಒಡೆಯುವ ಮೊದಲು ಅವಳ ಮನೆಯವರನ್ನು ಮೆಲ್ಲಗೆ ವಿಚಾರಿಸು, ಬಟ್ಟೆಯ ಡೈಪರ್ ಕಟ್ಟುವ ಯೋಚನೆ ಏನಾದರೂ ಇದೆಯಾ ಅಂತ. ಹಾಗಿದ್ದರೆ ಇದೇ ಕೇಕನ್ನು ಮಸ್ಲಿನ್ ಚೌಕಗಳಿಂದ ಕಟ್ಟಬಹುದು, ಅದರ ಮಡಿಕೆ ಬೇರೆ, ಬರೆದು ತಿಳಿಸುತ್ತೇನೆ. ಬಿಬ್ಬಿಗೆ ಚಂದ್ರನ ಕಸೂತಿ ನಮೂನೆ ನನ್ನ ಹತ್ತಿರ ಇದೆ, ಟ್ರೇಸಿಂಗ್ ಕಾಗದದಲ್ಲಿ ತೆಗೆದು ಕಳಿಸುತ್ತೇನೆ, ಬಟ್ಟೆಯ ಬಣ್ಣ ಯಾವುದು ಅಂತ ತಿಳಿಸು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ