ಗೆದ್ದಲು ತಿಂದ ಹೆಸರು

ಮಾನ್ಯ ಸಂಪಾದಕರೆ,

ಸೇನೆಗೆ ಸೇರಿ ಅಗ್ನಿವೀರನಾಗಬೇಕೆಂದು ನನ್ನ ಮಗ ಎರಡು ವರ್ಷದಿಂದ ನಸುಕಿನ ಐದಕ್ಕೆ ಎದ್ದು ಓಡುತ್ತಿದ್ದಾನೆ. 1.6 ಕಿ.ಮೀ. ಓಟ ಅವನಿಗೆ ಕಷ್ಟವಲ್ಲ. ಕಷ್ಟವಾಗಿರುವುದು ನನ್ನ ಹೆಸರು. ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಕಾಶಿಬಾಯಿ, ನನ್ನ ಆಧಾರ್‌ನಲ್ಲಿ ಕಾಶಮ್ಮ.

ಅಂಕಪಟ್ಟಿ ತಿದ್ದಲು ಒಂದನೇ ತರಗತಿಯ ದಾಖಲಾತಿ ವಹಿಯ ನಕಲು ತರಬೇಕೆಂದರು. ಅವನು ಒಂದನೇ ತರಗತಿಗೆ ಸೇರುವಾಗ ನಾವು ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕಿದ್ದೆವು. ಅವನು ಸೇರಿದ್ದು ಅಲ್ಲಿನ ಶಾಲೆಗೆ. ಎರಡು ಸಲ ಬರಿಗೈಯಲ್ಲಿ ಬಂದೆ. ಮೂರನೆಯ ಸಲ ಮುಖ್ಯಗುರುಗಳು ತಗಡಿನ ಟ್ರಂಕು ತೆಗೆಸಿದರು. ವಹಿ ಸಿಕ್ಕಿತು! ಮಗನ ಹೆಸರಿತ್ತು, ಅವನ ಅಪ್ಪನ ಹೆಸರಿತ್ತು. ತಾಯಿಯ ಹೆಸರಿನ ಕಡೆ ತೆಲುಗಿನಲ್ಲಿ ‘ಕಾ’ ಎಂಬ ಒಂದೇ ಅಕ್ಷರ ಉಳಿದಿತ್ತು. ಮುಂದೆ ಬಾಯಿಯೋ ಅಮ್ಮನೋ, ಗೆದ್ದಲಿಗೇ ಗೊತ್ತು.

ಭರ್ತಿಗೆ ಕೊಡಬೇಕಾದ ಅವಿವಾಹಿತ ಪ್ರಮಾಣಪತ್ರ, ನಡತೆ ಪತ್ರಗಳು ಆರು ತಿಂಗಳಿಗಿಂತ ಹಳೆಯವಾಗಿರಬಾರದು. ಈ ಅಲೆದಾಟದಲ್ಲಿ ಅವುಗಳ ಅವಧಿಯೂ ಮುಗಿಯುತ್ತ ಬಂದಿದೆ. ಪ್ರತಿ ಸಲವೂ ಬಸ್ ಖರ್ಚು, ಜೊತೆಗೆ ಕೂಲಿ ನಷ್ಟ.

ಔರಾದ್, ಕಮಲನಗರ, ಭಾಲ್ಕಿ ಕಡೆಯಿಂದ ದುಡಿಯಲು ಹೊರರಾಜ್ಯಕ್ಕೆ ಹೋಗಿ ಬಂದ ಕುಟುಂಬಗಳು ಒಂದೆರಡಲ್ಲ. ಸೇನಾ ಭರ್ತಿಗೆ ಮೊದಲೇ ಜಿಲ್ಲಾಡಳಿತ ತಾಲ್ಲೂಕಿಗೊಂದು ಶಿಬಿರ ನಡೆಸಲಿ. ಶಿಕ್ಷಣ ಮತ್ತು ಕಂದಾಯ ಇಲಾಖೆಯವರು ಒಂದೇ ಮೇಜಿನಲ್ಲಿ ಕುಳಿತು, ಹೊರರಾಜ್ಯದ ಶಾಲೆಗಳಿಗೆ ತಾವೇ ಪತ್ರ ಬರೆದು ದಾಖಲೆ ತರಿಸಲಿ.

– ಕಾಶಮ್ಮ (ಅಂಕಪಟ್ಟಿಯ ಪ್ರಕಾರ ಕಾಶಿಬಾಯಿ), ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ